ನಾಲ್ಕು ಜಿಬಿ ಇದ್ದರೂ ನಿಧಾನವೇಕೆ? ಹಳೆಯ ಗ್ರಾಫಿಕ್ಸ್ ಕಾರ್ಡಿನ ದೋಷ ಹುಡುಕುವ ಕ್ರಮ

ಕಳೆದ ವರ್ಷದ ಮದುವೆ ಹಂಗಾಮಿನಲ್ಲಿ ಒಂದು ದಿನ ನಾನು ಅಂಗಡಿಯ ಶಟರ್ ಎತ್ತುವ ಮೊದಲೇ ಚಿತ್ರದುರ್ಗದ ಫೋಟೊ ಸ್ಟುಡಿಯೊ ಯಜಮಾನರೊಬ್ಬರು ಮೆಟ್ಟಿಲ ಮೇಲೆ ಕುಳಿತಿದ್ದರು. ಬೆಳಗಿನ ಮೊದಲ ಬಸ್ಸಿಗೆ ದಾವಣಗೆರೆಗೆ ಬಂದವರು. ತೊಡೆಯ ಮೇಲೆ ಜಮಖಾನೆಯಲ್ಲಿ ಸುತ್ತಿದ ಸಿಪಿಯು, ಪಕ್ಕದಲ್ಲಿ ದಿನಪತ್ರಿಕೆಯ ಹಾಳೆಯಲ್ಲಿ ಕಟ್ಟಿದ ಇನ್ನೊಂದು ಪೊಟ್ಟಣ. ಚಹಾ ಬರುವಷ್ಟರಲ್ಲಿ ಅವರ ಅಹವಾಲು ಮುಗಿದಿತ್ತು.

‘ಅಣ್ಣ, ಹಳೆಯದು ಅರ್ಧ ಜಿಬಿಯ ಕಾರ್ಡು. ಈಗ ಹಾಕಿಸಿದ್ದು ನಾಲ್ಕು ಜಿಬಿಯದು. ಎಂಟು ಪಟ್ಟು ದೊಡ್ಡದು ಎಂದು ನಂಬಿ ದುಡ್ಡು ಕೊಟ್ಟೆ. ಮದುವೆಯ ವಿಡಿಯೊ ಎಡಿಟಿಂಗಿಗೆ ಕುಳಿತರೆ ಮೊದಲಿಗಿಂತ ನಿಧಾನ, ತಾಳಿ ಕಟ್ಟುವ ದೃಶ್ಯವೇ ತಡವರಿಸುತ್ತದೆ. ಕಾರ್ಡು ಕೆಟ್ಟಿದೆ, ಸರಿ ಮಾಡಿಕೊಡಿ.’

‘ಕಾರ್ಡು ಕೆಟ್ಟಿದೆ’ ಎಂಬ ಈ ಮಾತನ್ನು ನಾನು ವಾರಕ್ಕೆ ನಾಲ್ಕು ಸಲವಾದರೂ ಕೇಳುತ್ತೇನೆ. ಅದರಲ್ಲಿ ಎರಡು ಬೇರೆ ಬೇರೆ ದೂರುಗಳು ಒಂದೇ ಅಂಗಿ ತೊಟ್ಟು ಬಂದಿರುತ್ತವೆ. ಕಾರ್ಡು ತನ್ನ ಶಕ್ತಿಗಿಂತ ಕಡಿಮೆ ದುಡಿಯುತ್ತಿರಬಹುದು. ಇಲ್ಲವೇ ಅದರ ಶಕ್ತಿಯೇ ಅಷ್ಟಿರಬಹುದು. ಮೊದಲನೆಯದು ದೋಷ, ಎರಡನೆಯದು ವ್ಯಾಪಾರ. ಹಾಗಾಗಿ ಸ್ಕ್ರೂಡ್ರೈವರ್ ಹಿಡಿಯುವ ಮುನ್ನ ಒಂದು ಕಾಗದದ ಮೇಲೆ ಎರಡು ಅಂಕಿ ಬರೆದುಕೊಳ್ಳುತ್ತೇನೆ: ಈ ಕಾರ್ಡು ಎಷ್ಟು ಕೊಡಬೇಕು, ಈಗ ಎಷ್ಟು ಕೊಡುತ್ತಿದೆ. ಎರಡರ ನಡುವೆ ಅಂತರವಿದ್ದರೆ ಮಾತ್ರ ರಿಪೇರಿಗೆ ಕೈ ಹಾಕುವುದು.

ಹೆಸರನ್ನು ನಂಬಬೇಡಿ

ಅವರು ತಂದದ್ದು ಎನ್‌ವಿಡಿಯಾ ಜಿಟಿ 730. ರಾಜ್ಯದ ಯಾವ ಊರಿಗೆ ಹೋದರೂ ‘ದಾವಣಗೆರೆ ಬೆಣ್ಣೆ ದೋಸೆ’ ಎಂಬ ಫಲಕ ಕಾಣುತ್ತದೆ. ಕಾವಲಿಗೆ ಬೀಳುವುದು ಬೆಣ್ಣೆಯೋ ಎಣ್ಣೆಯೋ ಎಂಬುದು ತಿಂದವರಿಗೇ ಗೊತ್ತು. ಜಿಟಿ 730ರ ಕಥೆಯೂ ಅಷ್ಟೇ. 2014ರಲ್ಲಿ ಬಂದ ಈ ಒಂದೇ ಹೆಸರಿನಲ್ಲಿ ಮೂರು ಬೇರೆ ಕಾರ್ಡುಗಳಿವೆ. ಒಂದು ಹಳೆಯ ಫರ್ಮಿ ಪೀಳಿಗೆಯ ಚಿಪ್ಪಿನದು: 96 ಕೋರ್ (ಲೆಕ್ಕ ಮಾಡುವ ಪುಟ್ಟ ಘಟಕಗಳು), 128 ಬಿಟ್ ದಾರಿ (ಚಿಪ್ಪಿಗೂ ಮೆಮೊರಿಗೂ ನಡುವಿನ ಹಾದಿಯ ಅಗಲ), ಡಿಡಿಆರ್3 ಮೆಮೊರಿ, 49 ವ್ಯಾಟ್. ಇನ್ನೊಂದು ಕೆಪ್ಲರ್ ಪೀಳಿಗೆಯದು: 384 ಕೋರ್, ಆದರೆ 64 ಬಿಟ್ ದಾರಿ, ಅದೇ ಡಿಡಿಆರ್3, 23 ವ್ಯಾಟ್. ಮೂರನೆಯದರಲ್ಲಿ ಅದೇ 384 ಕೋರ್, ಅದೇ 64 ಬಿಟ್, ಮೆಮೊರಿ ಮಾತ್ರ ಜಿಡಿಡಿಆರ್5 ಎಂಬ ಹೆಚ್ಚು ವೇಗದ ಬಗೆಯದು. ಅಂಗಡಿಯ ಬಿಲ್ಲಿನಲ್ಲಿ ಮೂರೂ ‘ಜಿಟಿ 730’.

ಇವುಗಳ ಮೆಮೊರಿ ವೇಗವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ದಾರಿಯ ಬಿಟ್‌ಗಳನ್ನು ಎಂಟರಿಂದ ಭಾಗಿಸಿ, ಮೆಮೊರಿಯ ಪರಿಣಾಮಕಾರಿ ವೇಗದಿಂದ ಗುಣಿಸಿದರೆ ಸಾಕು. 64 ಬಿಟ್ ಎಂದರೆ 8 ಬೈಟ್. ಡಿಡಿಆರ್3ರ ವೇಗ 1.8 ಗಿಗಾಬಿಟ್ ಎಂದು ಹಿಡಿದರೆ ಸೆಕೆಂಡಿಗೆ 14.4 ಜಿಬಿ. ಫರ್ಮಿಯ 128 ಬಿಟ್ ದಾರಿಗೆ ಅದರ ಎರಡರಷ್ಟು, 28.8. ಜಿಡಿಡಿಆರ್5 ಇರುವ ಮೂರನೆಯದಕ್ಕೆ ಸುಮಾರು 40. ಸ್ಟುಡಿಯೊದವರ ಕಾರ್ಡು ಎರಡನೆಯ ಬಗೆಯದು, ಅದರಲ್ಲೂ ತಯಾರಕರು ಮೆಮೊರಿಯನ್ನು 1.6ರಲ್ಲೇ ಓಡಿಸಿದ್ದರು. ಅಲ್ಲಿಗೆ 12.8.

ಈಗ ಪತ್ರಿಕೆಯ ಪೊಟ್ಟಣ ಬಿಚ್ಚಿದೆ. ಒಳಗಿದ್ದದ್ದು ಅವರ ಹಳೆಯ ಜಿಟಿ 240, 2009ರ ನವೆಂಬರಿನಲ್ಲಿ ಬಿಡುಗಡೆಯಾದ ಮಾದರಿ. 96 ಕೋರ್, 512 ಎಂಬಿ. ಆದರೆ ಮೆಮೊರಿ ಜಿಡಿಡಿಆರ್5, ದಾರಿ 128 ಬಿಟ್, ವೇಗ 3.4. ಹದಿನಾರು ಬೈಟನ್ನು 3.4ರಿಂದ ಗುಣಿಸಿ: 54.4 ಜಿಬಿ. ಐದು ವರ್ಷ ಹಳೆಯ ಮಾದರಿಯ ಮೆಮೊರಿ ಹೊಸದರ ನಾಲ್ಕು ಪಟ್ಟಿಗಿಂತ ಹೆಚ್ಚು ವೇಗದ್ದು!

ಯಜಮಾನರು ನನ್ನ ಕಾಗದವನ್ನೇ ನೋಡುತ್ತಿದ್ದರು. ‘ಹಾಗಾದರೆ ನಾಲ್ಕು ಜಿಬಿ ಎಂದರೆ ಏನು?’ ಎಂದು ಕೇಳಿದರು. ನಮ್ಮ ಮಂಡಿಪೇಟೆಯ ಗೋದಾಮುಗಳನ್ನು ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಜಿಬಿ ಎಂಬುದು ಗೋದಾಮಿನ ಒಳಗಿನ ಜಾಗ. ಒಳಗೆ ಸಾವಿರ ಮೂಟೆ ಹಿಡಿಯಬಹುದು; ಬಾಗಿಲಲ್ಲಿ ಒಮ್ಮೆಗೆ ಒಬ್ಬ ಹಮಾಲಿ ಮಾತ್ರ ನುಗ್ಗಬಹುದಾದರೆ ಲಾರಿ ತುಂಬುವಷ್ಟರಲ್ಲಿ ಸಂಜೆಯಾಗುತ್ತದೆ. ಅವರ ಹಳೆಯ ಕಾರ್ಡಿನದು ಸಣ್ಣ ಗೋದಾಮು, ದೊಡ್ಡ ಬಾಗಿಲು. ಹೊಸದು ತಿರುವು ಮುರುವು.

ಇಲ್ಲಿ ಇನ್ನೊಂದು ಬದಿಯನ್ನೂ ಹೇಳದಿದ್ದರೆ ಅನ್ಯಾಯವಾಗುತ್ತದೆ. ಬರಿಯ ಲೆಕ್ಕ ಮಾಡುವ ಶಕ್ತಿಯಲ್ಲಿ ಜಿಟಿ 730 ಮುಂದಿದೆ. 384 ಕೋರ್, 902 ಮೆಗಾಹರ್ಟ್ಸ್, ಪ್ರತಿ ಸುತ್ತಿಗೆ ಎರಡು ಕ್ರಿಯೆ ಎಂದರೆ ಸುಮಾರು 690 ಗಿಗಾಫ್ಲಾಪ್ (ಒಂದು ಗಿಗಾಫ್ಲಾಪ್ ಎಂದರೆ ಸೆಕೆಂಡಿಗೆ ನೂರು ಕೋಟಿ ಲೆಕ್ಕ). ಜಿಟಿ 240ಕ್ಕೆ 96 ಕೋರ್, 1340 ಮೆಗಾಹರ್ಟ್ಸ್. ಅದೇ ಲೆಕ್ಕದಲ್ಲಿ 257. ಆದ್ದರಿಂದ ಚಿಕ್ಕ ಚಿತ್ರದ ಮೇಲೆ ಹೆಚ್ಚು ಗಣಿತ ಮಾಡುವ ಕೆಲಸವನ್ನು ಹೊಸದು ಬೇಗ ಮುಗಿಸುತ್ತದೆ. ದೊಡ್ಡ ಫ್ರೇಮುಗಳನ್ನು ಒಂದರ ಮೇಲೊಂದು ಪದರವಾಗಿ ಪೇರಿಸುವ, ಅಂದರೆ ಮದುವೆ ವಿಡಿಯೊದವರು ದಿನವೂ ಮಾಡುವ ಕೆಲಸದಲ್ಲಿ ಬಾಗಿಲು ಸಾಲದೆ ನಿಲ್ಲುತ್ತದೆ.

ಕೋರ್‌ಗಳ ಸಂಖ್ಯೆಯನ್ನು ಪಕ್ಕ ಪಕ್ಕ ಇಟ್ಟು ತೂಗುವವರಿಗೂ ಒಂದು ಮಾತು. ಫರ್ಮಿ ಮತ್ತು ಅದಕ್ಕೂ ಹಿಂದಿನ ಎನ್‌ವಿಡಿಯಾ ಚಿಪ್ಪುಗಳಲ್ಲಿ ಕೋರ್‌ಗಳು ಚಿಪ್ಪಿನ ಉಳಿದ ಭಾಗಕ್ಕಿಂತ ಬಹಳ ವೇಗವಾಗಿ, ಫರ್ಮಿಯಲ್ಲಿ ಸರಿಯಾಗಿ ಎರಡರಷ್ಟು ವೇಗದಲ್ಲಿ ಓಡುತ್ತಿದ್ದವು. ಕೆಪ್ಲರ್‌ನಿಂದ ಆ ಪದ್ಧತಿ ನಿಂತು, ಕೋರ್‌ಗಳ ಸಂಖ್ಯೆ ಹಿಗ್ಗಿತು. ಹಾಗಾಗಿ 96 ಮತ್ತು 384 ಎಂದರೆ ನಾಲ್ಕು ಪಟ್ಟು ಅಲ್ಲ. ಎಎಮ್‌ಡಿಯ ಹಳೆಯ ಕಾರ್ಡುಗಳ ಎಣಿಕೆಯಂತೂ ಬೇರೆಯೇ: ರೇಡಿಯಾನ್ ಎಚ್‌ಡಿ 5670ರ ಮೇಲೆ 400 ಎಂದು ಬರೆದಿದ್ದರೂ ಅದು 96 ಕೋರ್‌ನ ಜಿಟಿ 240ರ ಆಸುಪಾಸಿನ ದರ್ಜೆಯದೇ, ಒಂದಿಷ್ಟು ಮುಂದೆ ಎನ್ನಬಹುದು. ಮೆಮೊರಿ ವೇಗವೂ ಅಷ್ಟೇ, ಒಂದೇ ಪೀಳಿಗೆಯೊಳಗೆ ಒಳ್ಳೆಯ ಅಳತೆಗೋಲು. ಪೀಳಿಗೆ ದಾಟಿದರೆ ಎಚ್ಚರ ಬೇಕು. 2008ರ 9600 ಜಿಟಿಯ ಮೆಮೊರಿ ವೇಗ 57.6 ಜಿಬಿ. 2018ರಲ್ಲಿ ಬಂದ ಜಿಟಿ 1030ರ ಡಿಡಿಆರ್4 ಅವತರಣಿಕೆಯದು 16.8. ಆದರೂ 1030 ಅದಕ್ಕೆ ಸೋಲುವುದಿಲ್ಲ, ಏಕೆಂದರೆ ಹೊಸ ಚಿಪ್ಪುಗಳು ಬಣ್ಣದ ಮಾಹಿತಿಯನ್ನು ಕುಗ್ಗಿಸಿ ಸಾಗಿಸುತ್ತವೆ, ಒಳಗಿನ ಕ್ಯಾಷ್ ಮೆಮೊರಿಯೂ ದೊಡ್ಡದು. ಆದರೆ 2017ರ ಜಿಡಿಡಿಆರ್5 ಜಿಟಿ 1030ರ ವೇಗ 48 ಜಿಬಿ ಇತ್ತು. ಮರುವರ್ಷ ಅದೇ ಹೆಸರಿನಲ್ಲಿ ಅದರ ಮೂರನೆಯ ಒಂದು ಪಾಲು ವೇಗದ್ದನ್ನು ಮಾರಿದ್ದು ಮಾತ್ರ ನನ್ನ ಮಟ್ಟಿಗೆ ಶುದ್ಧ ಉದ್ಧಟತನ, ಎಲ್ಲವನ್ನೂ ಜೀರ್ಣಿಸಿಕೊಳ್ಳಬಹುದೆಂಬ ಧೈರ್ಯ.

ಯಂತ್ರ ಚಾಲೂ ಆಗದಿದ್ದರೆ ಬಿಲ್ಲೆಗಳನ್ನು ಓದಿ

ವಿಂಡೋಸ್ ಏಳುವಂತಿದ್ದರೆ ಜಿಪಿಯು-ಝಡ್ ಎಂಬ ಉಚಿತ ತಂತ್ರಾಂಶ ಎಲ್ಲವನ್ನೂ ಹೇಳುತ್ತದೆ. ಚಿಪ್ಪಿನ ಗುಪ್ತನಾಮ ಜಿಎಫ್108 ಎಂದಿದ್ದರೆ ಫರ್ಮಿ, ಜಿಕೆ208 ಎಂದಿದ್ದರೆ ಕೆಪ್ಲರ್. ಮೆಮೊರಿಯ ಬಗೆ, ದಾರಿಯ ಅಗಲ, ವೇಗ ಎಲ್ಲ ಅದೇ ಪುಟದಲ್ಲಿವೆ.

ಯಂತ್ರ ಏಳದಿದ್ದರೆ, ಅಥವಾ ನೀವು ಸೆಕೆಂಡ್ ಹ್ಯಾಂಡ್ ಕಾರ್ಡನ್ನು ಅಂಗಡಿಯ ಕಟ್ಟೆಯ ಮೇಲಿಟ್ಟುಕೊಂಡು ಕೊಳ್ಳುವುದೋ ಬೇಡವೋ ಎಂದು ಯೋಚಿಸುತ್ತಿದ್ದರೆ, ಮೆಮೊರಿ ಬಿಲ್ಲೆಗಳನ್ನೇ, ಅಂದರೆ ಮುಖ್ಯ ಚಿಪ್ಪಿನ ಸುತ್ತಲಿನ ಕಪ್ಪು ತುಣುಕುಗಳನ್ನೇ ಓದಬೇಕು. ಮೊಬೈಲ್ ಟಾರ್ಚನ್ನು ಓರೆಯಾಗಿ ಹಿಡಿದರೆ ಅಕ್ಷರ ಎದ್ದು ಕಾಣುತ್ತವೆ. ಸ್ಯಾಮ್ಸಂಗ್ ಬಿಲ್ಲೆ ‘ಕೆ4ಜಿ’ ಎಂದು ಆರಂಭವಾದರೆ ಜಿಡಿಡಿಆರ್5, ‘ಕೆ4ಡಬ್ಲ್ಯು’ ಎಂದಿದ್ದರೆ ಡಿಡಿಆರ್3. ಹೈನಿಕ್ಸ್‌ನದಾದರೆ ‘ಎಚ್5ಜಿಕ್ಯು’ ಮತ್ತು ‘ಎಚ್5ಟಿಕ್ಯು’. ಒಂದು ಜಿಡಿಡಿಆರ್5 ಬಿಲ್ಲೆ ಸಾಮಾನ್ಯವಾಗಿ 32 ಬಿಟ್ ದಾರಿ ಕೊಡುತ್ತದೆ, ಡಿಡಿಆರ್3 ಬಿಲ್ಲೆ 16. ಎರಡು ಜಿಡಿಡಿಆರ್5 ಅಥವಾ ನಾಲ್ಕು ಡಿಡಿಆರ್3 ಕಂಡರೆ 64 ಬಿಟ್ ಎಂದು ಊಹಿಸಬಹುದು. ಆದರೆ ನಾಲ್ಕು ಜಿಬಿಯ ಕೆಪ್ಲರ್ ಜಿಟಿ 730ರಲ್ಲಿ ಎಂಟು ಬಿಲ್ಲೆಗಳಿದ್ದೂ ದಾರಿ 64 ಬಿಟ್ಟೇ ಇರುತ್ತದೆ. ಅಲ್ಲಿ ಎಣಿಕೆ ಮೋಸ ಮಾಡುತ್ತದೆ, ಚಿಪ್ಪಿನ ಹೆಸರನ್ನೇ ನೋಡಬೇಕು.

ಇರಬೇಕಾದದ್ದು, ಇರುವುದು

ಇಲ್ಲಿಗೆ ಕಾರ್ಡಿನ ಶಕ್ತಿ ಎಷ್ಟೆಂದು ತಿಳಿಯಿತು. ಅಷ್ಟಕ್ಕೇ ‘ಇದರ ಹಣೆಬರಹ ಇಷ್ಟೇ, ತೆಗೆದುಕೊಂಡು ಹೋಗಿ’ ಎಂದು ಸ್ಟುಡಿಯೊದವರನ್ನು ಕಳಿಸಿಬಿಟ್ಟಿದ್ದರೆ ತಪ್ಪು ಮಾಡುತ್ತಿದ್ದೆ. ಏಕೆಂದರೆ ಅವರ ಯಂತ್ರದಲ್ಲಿ ವಿಡಿಯೊ ಮಾತ್ರವಲ್ಲ, ದೊಡ್ಡ ಫೋಟೊ ತೆರೆಯುವಾಗಲೂ ಪರದೆ ಒಂದು ಕ್ಷಣ ಹೆಪ್ಪುಗಟ್ಟುತ್ತಿತ್ತು. 12.8 ಜಿಬಿ ವೇಗದ ಕಾರ್ಡಿಗೂ ಅಷ್ಟು ಕಷ್ಟವಾಗಬಾರದು.

ಜಿಪಿಯು-ಝಡ್‌ನಲ್ಲಿ ಬಸ್ ಇಂಟರ್‌ಫೇಸ್ ಎಂಬ ಸಾಲಿದೆ. ಕಾರ್ಡು ಮದರ್‌ಬೋರ್ಡಿನೊಂದಿಗೆ ಎಷ್ಟು ಹಾದಿಗಳಲ್ಲಿ, ಯಾವ ವೇಗದಲ್ಲಿ ಮಾತನಾಡುತ್ತಿದೆ ಎಂಬುದನ್ನು ಅದು ತೋರಿಸುತ್ತದೆ. ಮೊದಲ ಭಾಗ ಕಾರ್ಡಿನ ಸಾಮರ್ಥ್ಯ, ಎರಡನೆಯ ಭಾಗ ಈ ಕ್ಷಣದ ಸ್ಥಿತಿ. ಇಲ್ಲಿ ಹೊಸಬರು ಎರಡು ಸಲ ಎಡವುತ್ತಾರೆ. ಕಾರ್ಡು ಸುಮ್ಮನಿದ್ದಾಗ ವಿದ್ಯುತ್ ಉಳಿಸಲು ತಾನಾಗಿ ಪಿಸಿಐ ಎಕ್ಸ್‌ಪ್ರೆಸ್ (ಕಾರ್ಡು ಕೂರುವ ಸ್ಲಾಟಿನ ಮಾನದಂಡ) 1.1ರ ವೇಗಕ್ಕೆ ಇಳಿಯುತ್ತದೆ; ಅದು ದೋಷವಲ್ಲ. ಪಕ್ಕದ ಪ್ರಶ್ನಾರ್ಥಕ ಚಿಹ್ನೆ ಒತ್ತಿ ಪರೀಕ್ಷೆ ಓಡಿಸಿದಾಗ ಮೇಲೇರಿದರೆ ಆಯಿತು. ಎರಡನೆಯದಾಗಿ, ಉದ್ದನೆಯ 16 ಹಾದಿಯ ಸ್ಲಾಟಿನಲ್ಲಿ ಕುಳಿತ ಕಾರ್ಡು 16 ಹಾದಿಯನ್ನೂ ಬಳಸಲೇಬೇಕೆಂದಿಲ್ಲ. ಕೆಪ್ಲರ್ ಜಿಟಿ 730 ಹುಟ್ಟಿದ್ದೇ 8 ಹಾದಿಗೆ, ಜಿಟಿ 1030 ಬರಿಯ 4 ಹಾದಿಗೆ. 1030 ಕಾರ್ಡನ್ನು ತಿರುಗಿಸಿ ಬಂಗಾರದ ಬಣ್ಣದ ಹಲ್ಲುಗಳನ್ನು ನೋಡಿ, ಸಾಲು ಅರ್ಧಕ್ಕೂ ಮೊದಲೇ ಮುಗಿದಿರುವುದು ಎಷ್ಟೋ ಕಾರ್ಡುಗಳಲ್ಲಿ ಬರಿಗಣ್ಣಿಗೇ ಕಾಣುತ್ತದೆ.

ಸ್ಟುಡಿಯೊದವರ ಯಂತ್ರದಲ್ಲಿ ಪರೀಕ್ಷೆ ಓಡುತ್ತಿದ್ದಾಗ ಕಂಡದ್ದು: ಸಾಮರ್ಥ್ಯ ಎಂಟು ಹಾದಿ, 2.0, ಸ್ಥಿತಿ ಒಂದು ಹಾದಿ, 2.0. ಪಿಸಿಐ ಎಕ್ಸ್‌ಪ್ರೆಸ್ 2.0ರಲ್ಲಿ ಒಂದು ಹಾದಿಗೆ ಸೆಕೆಂಡಿಗೆ 500 ಎಂಬಿ. 4 ಜಿಬಿ ಹರಿಯಬೇಕಾದ ಕಡೆ ಅರ್ಧ ಜಿಬಿ ಹರಿಯುತ್ತಿದೆ. ವೇಗದ ಆವೃತ್ತಿ ಇಳಿದರೆ ವಿಶ್ರಾಂತಿ ಎನ್ನಬಹುದು. ಮೇಜಿನ ಯಂತ್ರದಲ್ಲಿ, ಪರೀಕ್ಷೆ ನಡೆಯುತ್ತಿರುವಾಗಲೂ ಹಾದಿಗಳ ಸಂಖ್ಯೆ ಇಳಿದಿದ್ದರೆ ಅದು ದೋಷವೇ.

ದೋಷ ಕಾರ್ಡಿನದೋ ಸ್ಲಾಟಿನದೋ? ಪತ್ರಿಕೆಯ ಪೊಟ್ಟಣ ಮತ್ತೆ ಕೆಲಸಕ್ಕೆ ಬಂತು. ಅದೇ ಸ್ಲಾಟಿಗೆ ಹಳೆಯ ಜಿಟಿ 240 ಸಿಕ್ಕಿಸಿದೆ. ಹದಿನಾರಕ್ಕೆ ಹದಿನಾರು ಹಾದಿಯೂ ತೋರಿಸಿತು. ಸ್ಲಾಟು ಸರಿಯಿದೆ, ಕಾರ್ಡಿನ ಅಂಚೇ ಕಳ್ಳ.

ಬೆಳಕಿಗೆ ಹಿಡಿದು ನೋಡಿದರೆ ಹಲ್ಲುಗಳ ಮೇಲೆ ಚಹಾದ ಕೆನೆಯಂಥ ಕಂದು ಪೊರೆ. ‘ಹೊಸದು’ ಎಂದು ಮಾರಿದ್ದು ಎಲ್ಲಿಯೋ ವರ್ಷಗಟ್ಟಲೆ ದುಡಿದು ಬಂದ ಕಾರ್ಡು. ಪೆನ್ಸಿಲ್ ಅಳಿಸುವ ಬಿಳಿ ರಬ್ಬರನ್ನು ಹಲ್ಲುಗಳ ಉದ್ದಕ್ಕೆ, ಅಂಚಿನ ಕಡೆಗೆ, ಒತ್ತಡ ಹಾಕದೆ ಎಳೆಯಬೇಕು. ಅಡ್ಡ ಉಜ್ಜಿದರೆ ಬಂಗಾರದ ಲೇಪ ಕಿತ್ತು ಬರುತ್ತದೆ. ಮರಳು ಕಾಗದವನ್ನಂತೂ ಹತ್ತಿರ ತರಬೇಡಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಬಟ್ಟೆಯಿಂದ ರಬ್ಬರಿನ ಪುಡಿ ಒರೆಸಿ, ಐದು ನಿಮಿಷ ಆರಲು ಬಿಡಬೇಕು. ಸ್ಲಾಟಿಗೆ ಬ್ಲೋವರ್ ಹಿಡಿದೆ. ಕಾರ್ಡು ಕೂರಿಸಿ, ಬಾಲದ ಕೊಕ್ಕೆ ‘ಟಕ್’ ಎಂದದ್ದನ್ನು ಕೇಳಿಸಿಕೊಂಡು, ಸ್ಕ್ರೂ ಬಿಗಿದು ಮತ್ತೆ ಪರೀಕ್ಷೆ ಓಡಿಸಿದೆ. ಎಂಟು ಹಾದಿ.

ಯಜಮಾನರ ಮುಖ ಅರಳಿತು. ಫೋಟೊಗಳು ಈಗ ಹೆಪ್ಪುಗಟ್ಟದೆ ತೆರೆದವು. ಪದರದ ಮೇಲೆ ಪದರ ಹಚ್ಚಿದ ಆಲ್ಬಂ ವಿಡಿಯೊ ಮಾತ್ರ ಇನ್ನೂ ಕುಂಟುತ್ತಿತ್ತು. ಉಳಿದ ಆ ನಿಧಾನ ಕಾರ್ಡಿನದೇ, ಅದಕ್ಕೆ ರಬ್ಬರಿಲ್ಲ. ಅವರ ಮುಂದಿದ್ದ ದಾರಿಗಳನ್ನು ಆಮೇಲೆ ಹೇಳುತ್ತೇನೆ. ಮೊದಲು ಬೇರೆ ರೋಗಗಳನ್ನು ಮುಗಿಸಿಬಿಡೋಣ.

ಪರದೆ ಕಪ್ಪು

ಕಪ್ಪು ಪರದೆಯ ಅತಿ ಸಾಮಾನ್ಯ ಕಾರಣ ಹೇಳಿದರೆ ನಗುತ್ತೀರಿ: ಮಾನಿಟರಿನ ಕೇಬಲ್ಲನ್ನು ಕಾರ್ಡಿಗೆ ಹಾಕದೆ ಮದರ್‌ಬೋರ್ಡಿಗೇ ಹಾಕಿರುತ್ತಾರೆ. ಎರಡನೆಯದು ಹಳೆಯ ವಿಜಿಎ ಮಾನಿಟರ್. ತಾಲ್ಲೂಕು ಕಚೇರಿಗಳ ಸುತ್ತಲಿನ ಡಿಟಿಪಿ ಕೇಂದ್ರಗಳಲ್ಲಿ ಇವು ಇನ್ನೂ ಗಟ್ಟಿಯಾಗಿವೆ. ಜಿಟಿ 1030 ಸೇರಿದಂತೆ ಪಾಸ್ಕಲ್ ಪೀಳಿಗೆಯ ಚಿಪ್ಪುಗಳು ಅನಲಾಗ್ ಸಂಕೇತವನ್ನೇ ಕೊಡುವುದಿಲ್ಲ. ಅದರ ಡಿವಿಐ ಕಿಂಡಿಗೆ ಐವತ್ತು ರೂಪಾಯಿಯ ಅಡಾಪ್ಟರ್ ಸಿಕ್ಕಿಸಿ ಎಷ್ಟು ಅಲುಗಾಡಿಸಿದರೂ ಚಿತ್ರ ಬರದು. ಕಿಂಡಿಯ ಚಪ್ಪಟೆ ಸೀಳಿನ ಸುತ್ತ ನಾಲ್ಕು ಪುಟ್ಟ ತೂತುಗಳಿದ್ದರೆ ಅನಲಾಗ್ ಇದೆ, ಬರಿಯ ಸೀಳಿದ್ದರೆ ಇಲ್ಲ. ಇಲ್ಲದ ಕಡೆ ಒಳಗೆ ಚಿಪ್ ಇರುವ ಪರಿವರ್ತಕವೇ ಬೇಕು.

ಬಹಳ ಹಳೆಯ ಕಾರ್ಡನ್ನು ಹೊಸ ಮದರ್‌ಬೋರ್ಡಿಗೆ ಹಾಕಿದಾಗ ಬರುವ ಕಪ್ಪು ಪರದೆ ಬೇರೆ ಜಾತಿಯದು. ಅಂಥ ಕಾರ್ಡಿನ ಬಯೋಸ್‌ನಲ್ಲಿ (ಯಂತ್ರ ಏಳುವಾಗ ಮೊದಲು ಓಡುವ ಒಳತಂತ್ರಾಂಶ) ಯುಇಎಫ್‌ಐಗೆ, ಅಂದರೆ ಹೊಸ ಬೋರ್ಡುಗಳು ಏಳುವ ಕ್ರಮಕ್ಕೆ ಬೇಕಾದ ಭಾಗವೇ ಇರುವುದಿಲ್ಲ. ಸೆಟ್ಟಿಂಗ್‌ನಲ್ಲಿ ಸಿಎಸ್‌ಎಂ (ಹಳೆಯ ಕ್ರಮವನ್ನೂ ಒಪ್ಪುವ ಆಯ್ಕೆ) ಆನ್ ಮಾಡಿದರೆ ಜೀವ ಬರುತ್ತದೆ. ಸ್ಪೀಕರ್ ಇರುವ ಬೋರ್ಡಾದರೆ ಕಿವಿಗೊಡಿ: ಅವಾರ್ಡ್ ಬಯೋಸ್‌ನಲ್ಲಿ ಒಂದು ಉದ್ದ, ಎರಡು ಗಿಡ್ಡ ಶಬ್ದ ಬಂದರೆ ಚಿತ್ರದ ಕಾರ್ಡಿನ ದೂರು, ಎಎಂಐನಲ್ಲಿ ಎಂಟು ಗಿಡ್ಡ ಶಬ್ದ.

ಮಂಡಕ್ಕಿ ಚೆಲ್ಲಿದ ಪರದೆ

ಪರದೆಯ ತುಂಬ ಮಂಡಕ್ಕಿ ಚೆಲ್ಲಿದಂತೆ ಚುಕ್ಕಿಗಳು, ಅಡ್ಡಗೆರೆ, ಬಣ್ಣದ ಚೌಕಗಳು. ವಿಂಡೋಸ್‌ಗೂ ಮುಂಚೆ, ಬಯೋಸ್ ಪುಟದಲ್ಲೇ ಇವು ಕಾಣಿಸಿದರೆ ಡ್ರೈವರಿನ, ಅಂದರೆ ಕಾರ್ಡನ್ನು ನಡೆಸುವ ತಂತ್ರಾಂಶದ ತಪ್ಪಲ್ಲ. ಮೆಮೊರಿ ಬಿಲ್ಲೆಯೋ ಚಿಪ್ಪೋ ಹೋಗಿದೆ. ಬಿಸಿಯಾದ ಮೇಲೆ ಮಾತ್ರ ಬಂದರೆ ಇನ್ನೂ ಆಸೆಯಿದೆ.

ಹಾಟ್ ಏರ್ ಗನ್ ಹಿಡಿದು, ಅಥವಾ ಮನೆಯ ಓವನ್ನಿನಲ್ಲಿಟ್ಟು ಕಾರ್ಡನ್ನು ‘ಬದುಕಿಸುವ’ ವಿಡಿಯೊಗಳನ್ನು ನೋಡಿ ಹುಡುಗರು ಬರುತ್ತಾರೆ. ಅದು ಬದುಕುವುದು ನಿಜ, ಕೆಲವು ದಿನ, ಹೆಚ್ಚೆಂದರೆ ಕೆಲವು ವಾರ. ಆ ಕಾಲದ ಎಷ್ಟೋ ಚಿಪ್ಪುಗಳಲ್ಲಿ ಬಿರುಕು ಬಿಡುವುದು ಬೋರ್ಡಿನ ಬೆಸುಗೆಯಲ್ಲ, ಚಿಪ್ಪಿನ ಒಳಗಿನ ಸಿಲಿಕಾನ್ ತುಣುಕಿಗೂ ಅದರ ಹಸಿರು ತಳಕ್ಕೂ ನಡುವಿನ ಸೂಕ್ಷ್ಮ ಬೆಸುಗೆ. 2008ರ ಜುಲೈನಲ್ಲಿ ಎನ್‌ವಿಡಿಯಾ ತಾನೇ ಲ್ಯಾಪ್‌ಟಾಪ್ ಚಿಪ್ಪುಗಳ ಇಂಥ ದೋಷಕ್ಕಾಗಿ 150ರಿಂದ 200 ಮಿಲಿಯನ್ ಡಾಲರ್ ತೆಗೆದಿಡುವುದಾಗಿ ಪ್ರಕಟಿಸಿತ್ತು. ಬಿಸಿ ಮಾಡಿದಾಗ ಬಿರುಕು ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತದೆ, ಅಷ್ಟೇ. ನಾನು ಇದಕ್ಕೆ ಹಣ ಪಡೆಯುವುದಿಲ್ಲ, ಮಾಡಿಯೂ ಕೊಡುವುದಿಲ್ಲ. ಅನ್ನ ಬೇಯಿಸುವ ಮನೆಯ ಓವನ್ನಿನಲ್ಲಿ ಬೆಸುಗೆಯ ಹೊಗೆ ಎಬ್ಬಿಸುವವರಿಗೆ ಬೈದೂ ಇದ್ದೇನೆ.

ಬಿಸಿ, ಧೂಳು, ವಿದ್ಯುತ್

ದಾವಣಗೆರೆಯ ಧೂಳಿನಲ್ಲೂ ಬಗೆಗಳಿವೆ. ಅಕ್ಕಿ ಗಿರಣಿಯ ಕಚೇರಿಯಿಂದ ಬಂದ ಯಂತ್ರದಲ್ಲಿ ನಯವಾದ ತೌಡಿನ ಧೂಳು, ಊದಿದರೆ ಹಾರುತ್ತದೆ. ಮಂಡಕ್ಕಿ ಭಟ್ಟಿಗಳ ಕಡೆಯಿಂದ ಬಂದದ್ದರಲ್ಲಿ ಹೊಗೆಯ ಮಸಿ ಬೆರೆತ ಅಂಟು. ಬ್ಲೋವರಿಗೆ ಜಗ್ಗುವುದಿಲ್ಲ, ಹೀಟ್‌ಸಿಂಕ್ ಕಳಚಿ ಬ್ರಷ್ಷಿನಿಂದ ತೊಳೆಯಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಕೋಣೆಯ ಗಾಳಿಯೇ ಕಾದಿರುವಾಗ ಅಂಥ ಕಾರ್ಡು 95 ಡಿಗ್ರಿಯ ಆಸುಪಾಸಿಗೆ ಹೋಗಿ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಲಕ್ಷಣ ಇದು: ಮೊದಲ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ನಿಧಾನ. ಸ್ಟುಡಿಯೊದವರದು ಮೊದಲ ಕ್ಷಣದಿಂದಲೇ ನಿಧಾನವಿದ್ದದ್ದರಿಂದ ನಾನು ಅತ್ತ ಹೋಗಲಿಲ್ಲ. ಹತ್ತು ವರ್ಷ ದಾಟಿದ ಕಾರ್ಡಿನ ಥರ್ಮಲ್ ಪೇಸ್ಟ್ ಒಣಗಿದ ಸುಣ್ಣದಂತಾಗಿರುತ್ತದೆ. ಕೆರೆದು, ಒರೆಸಿ, ಅಕ್ಕಿಕಾಳಿನಷ್ಟು ಹೊಸದನ್ನಿಟ್ಟರೆ ಎಷ್ಟೋ ಕಾರ್ಡುಗಳು ಮರಳಿ ದಾರಿಗೆ ಬರುತ್ತವೆ.

ಭಾರ ಬಿದ್ದಾಗ ಯಂತ್ರವೇ ಆರಿಹೋದರೆ ಅದಕ್ಕೆ ವಿದ್ಯುತ್ ಕೊಡುವ ಪೆಟ್ಟಿಗೆಯಾದ ಎಸ್‌ಎಂಪಿಎಸ್ ನೋಡಿ. ಹಳದಿ ತಂತಿ ಮತ್ತು ಕಪ್ಪು ತಂತಿಯ ನಡುವೆ ಮಲ್ಟಿಮೀಟರ್ ಹಿಡಿದರೆ, ಕೆಲಸ ನಡೆಯುತ್ತಿರುವಾಗಲೂ 11.4ರಿಂದ 12.6 ವೋಲ್ಟ್ ಒಳಗಿರಬೇಕು. ಹೊರಗೆ ‘450 ವ್ಯಾಟ್’ ಎಂದು ದಪ್ಪಕ್ಷರದಲ್ಲಿ ಬರೆದದ್ದನ್ನು ಬಿಡಿ, ಚೀಟಿಯಲ್ಲಿ 12 ವೋಲ್ಟಿನ ಮುಂದೆ ಎಷ್ಟು ಆಂಪಿಯರ್ ಎಂದು ಓದಿ. 16 ಎಂದಿದ್ದರೆ ಅಲ್ಲಿ ಸಿಗುವುದು 192 ವ್ಯಾಟ್. ಸ್ಲಾಟು ತಾನಾಗಿ 75 ವ್ಯಾಟ್ ಕೊಡಬಲ್ಲದು, ಆರು ಪಿನ್ನಿನ ಪ್ಲಗ್ ಇನ್ನೊಂದು 75.

ಡ್ರೈವರು ಮತ್ತು ಖೋಟಾ ಕಾರ್ಡು

‘ಡಿಸ್‌ಪ್ಲೇ ಡ್ರೈವರ್ ಸ್ಥಗಿತಗೊಂಡು ಚೇತರಿಸಿಕೊಂಡಿದೆ’ ಎಂಬ ಸಂದೇಶ ಬಂದರೆ, ಕಾರ್ಡು ಎರಡು ಸೆಕೆಂಡಿನೊಳಗೆ ಉತ್ತರ ಕೊಡದ್ದರಿಂದ ವಿಂಡೋಸ್ ಅದನ್ನು ಮರುಚಾಲನೆ ಮಾಡಿದೆ ಎಂದರ್ಥ. ತಪ್ಪು ಡ್ರೈವರ್, ಬಿಸಿ, ಸಾಯುತ್ತಿರುವ ಮೆಮೊರಿ, ಮೂರರಲ್ಲಿ ಯಾವುದಾದರೂ ಆಗಬಹುದು. ಅಗ್ಗದ ಪರೀಕ್ಷೆ ಡ್ರೈವರಿನದು, ಅದನ್ನೇ ಮೊದಲು ಮಾಡಿ. ಹಳೆಯದನ್ನು ಬೇರುಸಹಿತ ತೆಗೆದು, ಆ ಪೀಳಿಗೆಯ ಸರಿಯಾದ ಆವೃತ್ತಿ ಹಾಕಿ. ಎನ್‌ವಿಡಿಯಾದ 8, 9, 200 ಸರಣಿಗಳಿಗೆ 2016ರ ಡಿಸೆಂಬರಿನ 342.01 ಕೊನೆಯದು. ಫರ್ಮಿಗೆ 2018ರ 391.35ರ ನಂತರ ಆಟಗಳಿಗಾಗಿನ ಹೊಸ ಆವೃತ್ತಿ ಬರಲಿಲ್ಲ. ಕೆಪ್ಲರ್ 470 ಸರಣಿಯ ಕಾಲಕ್ಕೆ, ಅಂದರೆ 2021ರಲ್ಲಿ ಸಾಲಿನಿಂದ ಹೊರಬಿತ್ತು. ಅದರ ನಂತರದ ಪೀಳಿಗೆಗಳಾದ ಮ್ಯಾಕ್ಸ್‌ವೆಲ್ ಮತ್ತು ಪಾಸ್ಕಲ್‌ಗೆ 580 ಸರಣಿಯೇ ಕೊನೆ.

ಅಧಿಕೃತ ಡ್ರೈವರ್ ಹಾಕಿದ ಕೂಡಲೇ ನೀಲಿ ಪರದೆ, ಮಾರಿದವನು ಕೊಟ್ಟ ಸಿಡಿಯಿಂದ ಹಾಕಿದರೆ ಮಾತ್ರ ಸರಿ ಎಂದಾದರೆ ಕಾರ್ಡೇ ಖೋಟಾ ಇರಬಹುದು. ಜಿಟಿಎಸ್ 450, ಜಿಟಿಎಕ್ಸ್ 550 ಟಿಐಯಂಥ ಹಳೆಯ ಫರ್ಮಿ ಕಾರ್ಡುಗಳ ಬಯೋಸ್ ತಿದ್ದಿ 750 ಟಿಐ, 1050 ಟಿಐ ಎಂದು ಮಾರುವ ದಂಧೆ ನಡೆದಿತ್ತು. 1050 ಟಿಐ ಎಂದು ಹೇಳಿ ನೀಲಿ ವಿಜಿಎ ಕಿಂಡಿ ಇರುವ ಕಾರ್ಡು ತೋರಿಸಿದರೆ ಅಲ್ಲೇ ಅನುಮಾನಪಡಿ. ಜಿಪಿಯು-ಝಡ್ 2018ರಿಂದ ಇಂಥವುಗಳ ಹೆಸರಿನ ಮುಂದೆ ನಕಲಿ ಎಂಬ ಗುರುತನ್ನೇ ಹಾಕುತ್ತದೆ.

ಸ್ಟುಡಿಯೊದವರಿಗೆ ಏನು ಹೇಳಿದೆ

ಹಳೆಯ ಜಿಟಿ 240ಕ್ಕೆ ಮರಳೋಣವೆಂದರೆ ಅವರ ಎಡಿಟಿಂಗ್ ತಂತ್ರಾಂಶದ ಹೊಸ ಆವೃತ್ತಿ ಅದರ ಡ್ರೈವರನ್ನು ಒಪ್ಪುತ್ತಿರಲಿಲ್ಲ. ಕಾರ್ಡು ಬದಲಿಸಿದ್ದೇ ಆ ಕಾರಣಕ್ಕೆ. ಜಿಟಿ 1030 ಕೊಡಲೇ ಎಂದರೆ ಅದರಲ್ಲಿ ವಿಡಿಯೊ ಎನ್‌ಕೋಡರ್ ಘಟಕವೇ (ಸಿದ್ಧ ವಿಡಿಯೊವನ್ನು ಕುಗ್ಗಿಸಿ ಕಡತ ಮಾಡುವ ಭಾಗ) ಇಲ್ಲ. ಎಕ್ಸ್‌ಪೋರ್ಟ್ ಮಾಡುವಾಗ ಹಾರ್ಡ್‌ವೇರ್ ಆಯ್ಕೆ ಕಾಣಿಸುತ್ತಿಲ್ಲ ಎಂದು 1030 ಹಿಡಿದು ಬಂದವರು ನನ್ನಲ್ಲಿಗೇ ಇಬ್ಬರಿದ್ದಾರೆ, ಅದೂ ದೋಷವಲ್ಲ. ಅದಕ್ಕಿಂತ ಮೂರು ವರ್ಷ ಹಳೆಯ ಜಿಟಿಎಕ್ಸ್ 750 ಟಿಐಯಲ್ಲಿ ಎನ್‌ಕೋಡರ್ ಇದೆ. 640 ಕೋರ್, 128 ಬಿಟ್, ಜಿಡಿಡಿಆರ್5, 86.4 ಜಿಬಿ ವೇಗ, 60 ವ್ಯಾಟ್. ಬಹುತೇಕ ಮಾದರಿಗಳಿಗೆ ಬೇರೆ ಪ್ಲಗ್ಗೂ ಬೇಡ, ಅವರ ಎಸ್‌ಎಂಪಿಎಸ್‌ಗೆ ಭಾರವೂ ಅಲ್ಲ.

‘ಎರಡು ಜಿಬಿ ಅಷ್ಟೇ ಅಲ್ಲವೇ ಅಣ್ಣ?’ ಎಂದರು ಯಜಮಾನರು, ಕಾರ್ಡನ್ನು ಕೈಯಲ್ಲಿ ತೂಗುತ್ತ.

‘ಬಾಗಿಲು ನೋಡಿ ಯಜಮಾನರೆ’ ಎಂದೆ.

ಅವರದೇ ಯಂತ್ರದಲ್ಲಿ, ಅವರದೇ ಮದುವೆ ವಿಡಿಯೊ ಹಾಕಿ ತೋರಿಸಿದ ಮೇಲೆ ಒಪ್ಪಿದರು. ಜಿಟಿ 730 ಅವರ ಬಿಲ್ಲಿಂಗ್ ಕಂಪ್ಯೂಟರಿಗೆ ಹೋಯಿತು. ಅಲ್ಲಿ ಅದು ರಾಜನ ಹಾಗೆ ಕೂತಿದೆಯಂತೆ. ಸಂಜೆಯ ಬಸ್ಸಿಗೆ ಹೊರಟಾಗ ಪತ್ರಿಕೆಯಲ್ಲಿ ಸುತ್ತಿದ ಜಿಟಿ 240 ನನ್ನ ಮೇಜಿನ ಮೇಲೆಯೇ ಉಳಿದಿತ್ತು. ಫೋನ್ ಮಾಡಿದರೆ, ‘ಇರಲಿ, ನಿಮ್ಮಲ್ಲೇ ಇಟ್ಟುಕೊಳ್ಳಿ’ ಎಂದರು. ಈಗ ಯಾವ ಯಂತ್ರ ಬಂದರೂ ಸ್ಲಾಟು ಸರಿಯಿದೆಯೇ ಎಂದು ನೋಡಲು ನಾನು ಮೊದಲು ಸಿಕ್ಕಿಸುವುದು ಅದನ್ನೇ.